ಹಿಲ್ಕಾ ಅತ್ತೆಯ ಕೆಂಪು ಗೂಟ

ಬೇಡ ಅಂದದ್ದನ್ನೇ ಮಾಡುವ ಚಟ ನಮ್ಮ ಹಿಲ್ಕಾ ಅತ್ತೆಗೆ. ಅವಳಪ್ಪ, ಅಂದರೆ ನನ್ನ ಅಜ್ಜ, ಜೌಗು ಒಣಗಿಸಿ ಕಾಡು ಬೆಳೆಸಬೇಕೆಂದು ಐದು ಬೇಸಿಗೆ ಸಲಿಕೆ ಹಿಡಿದು ಕಾಲುವೆ ತೋಡಿದ್ದ. ಆ ಕಾಲದಲ್ಲಿ ಫಿನ್ಲೆಂಡಿನಲ್ಲಿ ಎಲ್ಲರೂ ಅದನ್ನೇ ಮಾಡಿದರು. ನೀರು ಹೋಯಿತು, ಕೊಕ್ಕರೆಗಳೂ ಹೋದವು, ಮರ ಮಾತ್ರ ಏಳಲಿಲ್ಲ. ಅರವತ್ಮೂರನೆಯ ವಯಸ್ಸಿನಲ್ಲಿ ಅತ್ತೆ, ಜೌಗಿಗೆ ನೀರು ಮರಳಲೆಂದು, ಅದೇ ಸಲಿಕೆಯಿಂದ ಅದೇ ಕಾಲುವೆ ಮುಚ್ಚಿದಳು. ಆ ಸಲಿಕೆಯನ್ನು ಮುಟ್ಟಲು ನನಗೂ ಬಿಡುತ್ತಿರಲಿಲ್ಲ.

ಅಂಗಡಿಯಲ್ಲಿ ಕಾಫಿ ಹೀರುವ ಸೋಮಾರಿಗಳಿಗೆ ಚಳಿಗಾಲಕ್ಕೆಲ್ಲ ಸಾಕಾಗುವಷ್ಟು ಮಾತು ಸಿಕ್ಕಿತು.

“ಅಪ್ಪನ ಬೆವರನ್ನೆಲ್ಲ ಮಣ್ಣು ಮಾಡಿದೆಯಲ್ಲೇ,” ಎಂದ ಪಕ್ಕದ ಕಾಡಿನ ಒಡೆಯ ಉರ್ಪೊ.

“ಆ ಬೆವರಿಗೆ ಬೆಳೆದಿದ್ದೇನು? ನನ್ನ ಸೊಂಟದೆತ್ತರದ ಪೈನು ಮರ. ಕ್ರಿಸ್‌ಮಸ್‌ಗೆ ಸಿಂಗರಿಸೋಕೂ ಯಾರೂ ಮೂಸಲ್ಲ.”

“ನೀರು ನನ್ನ ಮರದ ಬುಡಕ್ಕೆ ಬಂದ್ರೆ?”

“ಗಡಿಕಲ್ಲಿನ ಹತ್ರ ಕೆಂಪು ಗೂಟ ಹೊಡೀತೀನಿ. ನೀರು ಅದನ್ನ ದಾಟಿದ್ರೆ ನಾನೇ ಕಾಲುವೆ ಬಿಚ್ತೀನಿ. ದಾಟದಿದ್ರೆ ನೀನು ಬಾಯಿ ಮುಚ್ಕೊಂಡಿರ್ಬೇಕು.”

ಎರಡನೆಯ ವಸಂತಕ್ಕೆ ಒಂದು ಜೋಡಿ ಕೊಕ್ಕರೆ ಬಂದು ಜೌಗಿನ ನೀರಿನ ನಡುವೆ ಗೂಡು ಕಟ್ಟಿ ಮೊಟ್ಟೆಯಿಟ್ಟಿತು. ಸುತ್ತ ನೀರಿದ್ದರೆ ನರಿ ಹತ್ತಿರ ಸುಳಿಯುವುದಿಲ್ಲ. ಆದರೆ ಆ ವರ್ಷ ಹಿಮ ಒಮ್ಮೆಲೇ ಕರಗಿ, ನೀರು ದಿನಕ್ಕಿಷ್ಟು ಗೂಟದತ್ತ ಸರಿಯತೊಡಗಿತು. ಕಾಲುವೆ ಬಿಚ್ಚಿದರೆ ಮೊಟ್ಟೆಗಳು ನರಿಯ ಪಾಲು.

“ಸುಮ್ನಿದ್ದುಬಿಡು ಅತ್ತೆ. ಅಲ್ಲಿ ಯಾರು ಬಂದು ನೋಡ್ತಾರೆ?”

“ನಾನು ನೋಡ್ತೀನಲ್ಲೋ.”

ಮರುದಿನ ಬೆಳಿಗ್ಗೆ ಸಲಿಕೆ ಹೆಗಲಿಗೇರಿಸಿ ಹೊರಟಳು. ನಾನೂ ಹಿಂದೆಯೇ ಹೋದೆ. ಗಡಿಕಲ್ಲು ಆಗಲೇ ನೀರಿನಲ್ಲಿತ್ತು. ಕೆಂಪು ಗೂಟ ಮಾತ್ರ ಮೂರು ಹೆಜ್ಜೆ ಆಚೆ, ಉರ್ಪೊನ ಪೈನುಗಳ ನಡುವೆ, ಒಣ ನೆಲದಲ್ಲಿ ನಿಂತಿತ್ತು. ಪಕ್ಕದ ಬೊಡ್ಡೆಯ ಮೇಲೆ ಕಾಫಿ ಫ್ಲಾಸ್ಕ್ ಹಿಡಿದು ಉರ್ಪೊ ಕೂತಿದ್ದ.

“ಗೂಟ ಕಿತ್ತೋರ್ಯಾರು?”

“ಹಿಮ. ನೆಲ ಹೆಪ್ಪುಗಟ್ಟಿದ್ರೆ ಗೂಟ ಮೇಲೇಳುತ್ತೆ, ಗೊತ್ತಿಲ್ವಾ?”

“ಏಳುತ್ತೆ. ಮೂರು ಹೆಜ್ಜೆ ನಡೆಯಲ್ಲ.”

ಉರ್ಪೊ ಗೂಡಿನತ್ತ ನೋಡಿದ. “ಇವುಗಳ ಕೂಗು ಕೊನೇ ಸಲ ಕೇಳ್ದಾಗ ನನಗೆ ಏಳು ವರ್ಷ. ನನ್ನ ಮರ, ನನ್ನಿಷ್ಟ. ನಿಂಗೇನು?”

“ನಿನ್ನ ದಯೆ ನನಗೆ ಬೇಡ.”

“ದಯೆ ಅಂದವರ್ಯಾರು?”

ಅತ್ತೆ ಅವನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಅಪ್ಪನ ಸಲಿಕೆಯನ್ನು ಅವನ ಮಡಿಲಿಗೆ ಎಸೆದಳು.

“ಹಾಗಾದ್ರೆ ಏಳು. ನಿನ್ನ ಕಡೇನೂ ಮುಚ್ಚೋಕೆ ಒಂದು ಕಾಲುವೆ ಇದೆ.”