ಜಪಾನಿನಿಂದ ಬಂದವನ ಮೈಗೆ ನಾನು ಹಚ್ಚಿದ ವಿಷ

1988ರಲ್ಲಿ ಏಳನೆಯ ಇಯತ್ತೆಯನ್ನು ಅರ್ಧಕ್ಕೇ ಬಿಟ್ಟವನು ನಾನು. ಹಾಗೆಂದು ನನ್ನ ಸುಳ್ಳು ಅಜ್ಞಾನದಿಂದ ಹುಟ್ಟಿತೆಂದು ಯಾರೂ ತಿಳಿಯಬೇಡಿ. ನನ್ನ ದೊಡ್ಡಪ್ಪನ ಮಗ ಅಜಿತನ ಮೈಗೆ ಯಾವ ವಿಷವೂ ತಗುಲಿಲ್ಲವೆಂದು ಚೆನ್ನಾಗಿ ತಿಳಿದುಕೊಂಡೇ, ತಗುಲಿದೆ ಎಂದು ಅವನ ಮಗಳ ಗಂಡನ ಮನೆಯಲ್ಲಿ ಹೇಳಿ ಬಂದೆ. ಇದನ್ನು ಬರೆಯಲು ಒಂದು ವರ್ಷ ಬೇಕಾಯಿತು.

ಅಜಿತ ಚಿಕ್ಕೋಡಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ನಾನು ಬಾಳು, ಅದೇ ಊರಿನಲ್ಲಿ ಕಬ್ಬು ಸಾಗಿಸುವ ಟ್ರೇಲರ್ ಕಟ್ಟುವವನು. ಇಬ್ಬರೂ ಭೋಜ ಎಂಬ ಹಳ್ಳಿಯವರು, ಒಂದೇ ವಯಸ್ಸು, ಶಾಲೆಯಲ್ಲಿ ಒಂದೇ ಗೋಣಿತಟ್ಟಿನ ಮೇಲೆ ಕೂತವರು. ಅವನಿಗೊಂದು ಹುಚ್ಚು — ಅಣುಸ್ಥಾವರ ಕೆಟ್ಟು ಜನ ಬಿಟ್ಟೋಡಿದ ಊರುಗಳ ಹುಚ್ಚು. ಯಾವ ಓಣಿಯಲ್ಲಿ ಯಾವ ಮನೆ, ಯಾವ ಗೋಡೆಯ ಗಡಿಯಾರ ಎಷ್ಟು ಗಂಟೆಗೆ ನಿಂತಿದೆ, ಎಲ್ಲ ಬಾಯಿಪಾಠ. ಮಧ್ಯಾಹ್ನದ ಬಿಡುವಿನಲ್ಲಿ ನನ್ನ ವರ್ಕ್‌ಶಾಪಿಗೆ ಬಂದು, ಅವುಗಳ ಫೋಟೋ ತೋರಿಸಲು ಮೊಬೈಲ್ ನನ್ನ ಮೂಗಿಗೆ ಹಿಡಿಯುತ್ತಿದ್ದ.

“ಲೇ ಅಜ್ಯಾ, ಹಾಳ ಮನಿ ನೋಡಾಕ ಪರದೇಶಕ್ಕ ಯಾಕ ಹೋಗ್ತಿ? ಕೃಷ್ಣಾ ಹೊಳಿ ಬಂದಾಗ ಬಿಟ್ಟ ಮನಿ ನಮ್ಮ ಕಡೆ ಬೇಕಾದಷ್ಟ ಅದಾವ. ಪುಕ್ಕಟ ನೋಡು,” ಎಂದು ನಾನು ಹಂಗಿಸಿದರೆ, ಕೆಲಸದವರು ನಗುತ್ತಿದ್ದರು. ಅವನೂ ನಗುತ್ತಿದ್ದ.

ಹೋದ ವರ್ಷ ದೀಪಾವಳಿ ರಜೆಯಲ್ಲಿ ಕೊನೆಗೂ ಹೋಗಿಬಂದ — ಜಪಾನಿನ ಫುಕುಶಿಮಾಕ್ಕೆ. ಬೇರೆಯವರು ಅಳುತ್ತ ಬಿಟ್ಟುಹೋದ ಮನೆಗಳ ಕಿಟಕಿಯಲ್ಲಿ ಇಣುಕಲು ವಿಮಾನ ಹತ್ತುವವರ ಬಗ್ಗೆ ನನಗೆ ಆಗಲೂ ಗೌರವವಿರಲಿಲ್ಲ, ಈಗಲೂ ಇಲ್ಲ. ಇದ್ದ ಊರನ್ನು ಕಣ್ಣೆತ್ತಿ ನೋಡದವರಿಗೆ ಸತ್ತ ಊರು ಸುಂದರ ಕಾಣುತ್ತದೆ. ಆದರೆ ಇದು ನನ್ನ ತಪ್ಪಿಗೆ ಸಮಜಾಯಿಷಿಯಲ್ಲ.

ಬಂದವನೇ ಒಂದು ಫೋಟೋ ತೋರಿಸಿದ. ಶಾಲೆಯ ಕೋಣೆ. ಮೇಜಿನ ಮೇಲೆ ಮಕ್ಕಳ ಪಾಟೀಚೀಲಗಳು ಹಾಗೇ ಕೂತಿವೆ, ಒಂದು ಪುಸ್ತಕ ತೆರೆದೇ ಇದೆ.

“ನೋಡೋ ಬಾಳು, ಪಾಠ ಅರ್ಧಕ್ಕ ಬಿಟ್ಟ ಎದ್ದ ಹೋಗ್ಯಾವು ಕೂಸುಗೋಳು,” ಎಂದು ಎಲ್ಲರೆದುರು ಕಣ್ಣೊರೆಸಿಕೊಂಡ.

ನನ್ನೊಳಗೆ ಏನೋ ಉರಿಯಿತು. ನಾನೂ ಪಾಠ ಅರ್ಧಕ್ಕೆ ಬಿಟ್ಟೇ ಎದ್ದವನು. ಮರುದಿನ ನನ್ನ ಜಾಗದಲ್ಲಿ ಇದೇ ಅಜಿತ ಕಾಲು ಚಾಚಿ ಕೂತಿದ್ದನೆಂದು ಗುರುಗಳೇ ನಗುತ್ತ ಹೇಳಿದ್ದರು. ಆಗ ಯಾರು ಕಣ್ಣೊರೆಸಿಕೊಂಡಿದ್ದರು? ಆದರೂ — ಇದನ್ನೂ ಹೇಳಿಬಿಡುತ್ತೇನೆ — ಆ ಫೋಟೋ ಕಳಿಸೆಂದು ಕೇಳಿದವನು ನಾನೇ. ದಿನಾ ನೋಡುತ್ತಿದ್ದೆ. ತೆರೆದ ಆ ಪುಸ್ತಕದಲ್ಲಿ ಯಾವ ಪಾಠವಿತ್ತೋ ಎಂದು...

ಅಂದೇ ಕೇಳಿದ್ದೆ, “ನಿನಗ ಏನೂ ತಗಲಿಲ್ಲೇನು?” ಅವನು ಸಮಾಧಾನದಿಂದ ತಿಳಿಸಿದ. ಕೊರಳಿಗೆ ವಿಕಿರಣ ಅಳೆಯುವ ಯಂತ್ರ ಹಾಕಿದ್ದರು, ವಿಮಾನದಲ್ಲಿ ತಗುಲಿದ್ದಕ್ಕಿಂತ ಹೆಚ್ಚೇನಿಲ್ಲ, ಒಬ್ಬರಿಂದ ಒಬ್ಬರಿಗೆ ಹತ್ತುವ ರೋಗವೂ ಅಲ್ಲ. ಒಳ್ಳೆಯ ಮಾಸ್ತರ ಅವನು. ನನಗೆ ಪೂರ್ತಿ ತಿಳಿಯಿತು.

ಮುಂದಿನ ತಿಂಗಳು ಅವನ ಮಗಳು ತೃಪ್ತಿಗೆ ಅವಳ ಗಂಡನ ಊರು ಜುಗೂಳದಲ್ಲಿ ಕುಬಸ, ಸೀಮಂತದ ಕಾರ್ಯ. ಏಳನೆಯ ತಿಂಗಳು, ಚೊಚ್ಚಲ ಬಸುರಿ. ಸೀರೆ, ಬಳೆ, ಬುತ್ತಿಯ ಬುಟ್ಟಿಗಳನ್ನೆಲ್ಲ ನನ್ನ ಪಿಕಪ್‌ನಲ್ಲಿ ಹಾಕಿಕೊಂಡು ಕಾಕಾ ಎನ್ನುವ ಹಕ್ಕಿನಲ್ಲಿ ನಾನು ಮುಂದೆ ಹೋದೆ. ತೃಪ್ತಿಯ ಅತ್ತೆ ಚಹಾ ಕೊಡುತ್ತ ಕೇಳಿದರು: “ಸರು ಜಪಾನಕ್ಕ ಹೋಗಿದ್ರಂತಲ್ರಿ? ಭಾಳ ಶಾಣ್ಯಾರ ಬಿಡ್ರಿ ನಮ್ಮ ಬೀಗರು.”

ಹೌದ್ರಿ ಎಂದು ಚಹಾ ಕುಡಿದಿದ್ದರೆ ಮುಗಿಯುತ್ತಿತ್ತು. ನಾನು ಹೇಳಿದ್ದು ಇದು: “ಹೇಳಬಾರ್ದ್ರಿ ಅಕ್ಕಾರ, ಆದ್ರೂ ಹೇಳ್ತೀನಿ. ಅಂವಾ ಹೋಗಿದ್ದ ಊರಾಗ ಗಾಳ್ಯಾಗ ವಿಷ ಐತಿ. ಮೈಯಾಗ ಹೊಕ್ರ ಎಷ್ಟ ಜಳಕಾ ಮಾಡಿದ್ರೂ ಹೋಗಂಗಿಲ್ಲ. ಬಸುರಿ ಹುಡುಗಿ... ನೀವಽ ವಿಚಾರ ಮಾಡ್ರಿ.”

ಅತ್ತೆಯ ಮುಖ ಬಿಳಿಚಿತು. ಅಜಿತ ಬಂದಾಗ ಅವನಿಗೆ ಅಂಗಳದಲ್ಲೇ ಕುರ್ಚಿ ಹಾಕಿದರು. ಊಟದ ತಾಟೂ ಅಲ್ಲಿಗೇ ಬಂತು. ಒಳಗೆ ಹೆಣ್ಣುಮಕ್ಕಳು ಉಡಿ ತುಂಬುವಾಗ ತೃಪ್ತಿ ಎರಡು ಸಲ “ಅಪ್ಪಾ ಎಲ್ಲದಾರ?” ಎಂದು ಕೇಳಿದಳು. ನಾನು ಹೋಳಿಗೆ ತಿನ್ನುತ್ತಿದ್ದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಚೊಚ್ಚಲ ಬಾಣಂತನ ತವರಿನದು — ಇದು ನಮ್ಮಲ್ಲಿ ಯಾರೂ ಕೇಳಿ ಮಾಡುವ ಕೆಲಸವಲ್ಲ. ಅಜಿತನ ಹೆಂಡತಿ ಕೋಣೆಗೆ ಸುಣ್ಣ ಹೊಡೆಸಿ, ಅಂಟಿನುಂಡಿಗೆಂದು ಕೊಬ್ಬರಿ, ಅಂಟು ತಂದಿಟ್ಟು ಕಾದಿದ್ದಳು. ಜುಗೂಳದವರು ಹುಡುಗಿಯನ್ನು ಕಳಿಸಲಿಲ್ಲ. ಆಗ ಅಜಿತ ಏನು ಮಾಡಿದ ಗೊತ್ತೇ? ಜಪಾನಿನಲ್ಲಿ ಹಾಕಿಕೊಂಡಿದ್ದ ಬೂಟು, ಕೋಟು, ಚೀಲ ಎಲ್ಲವನ್ನೂ ಹಿತ್ತಲಲ್ಲಿ ಸುಟ್ಟ. ಸುಡುವುದರಲ್ಲಿ ಅರ್ಥವಿಲ್ಲವೆಂದು ನೂರಾರು ಮಕ್ಕಳಿಗೆ ಕಲಿಸಬಲ್ಲವನು ಸುಟ್ಟು, ಬೀಗರಿಗೆ ಫೋನ್ ಹಚ್ಚಿ ಹೇಳಿದ. ಆದರೂ ಕಳಿಸಲಿಲ್ಲ.

ನನ್ನ ಹತ್ತಿರ ಬಂದು ಕೂತ. “ಯಾರ ಹೇಳಿರಬೇಕೋ ಬಾಳು?”

“ಜನಕ್ಕ ಬುದ್ಧಿ ಇಲ್ಲ ಬಿಡೋ,” ಎಂದೆ ನಾನು.

ಆ ಹೊತ್ತು ನನಗೆ ಮರುಕ ಬರಲಿಲ್ಲ. ಹೆಮ್ಮೆ ಬಂತು. ಅವನ ಅಷ್ಟೂ ಓದು ನನ್ನ ಒಂದು ಮಾತಿನ ಮುಂದೆ ನಿಲ್ಲಲಿಲ್ಲವಲ್ಲ ಎಂದು. ಹಾಳೂರು ನೋಡಲು ಹೋದವನನ್ನು ಹೀಗಳೆಯುತ್ತಿದ್ದೆ. ನಾನೋ, ತುಂಬಿದ ಮನೆಯೊಂದನ್ನು ಖಾಲಿ ಮಾಡಿ, ಎದುರಿಗೇ ಕೂತು ನೋಡುತ್ತಿದ್ದೆ. ಇಂಥವನಿಗೆ ಯಾವ ಹೆಸರು ಹೇಳಲಿ — ನನಗೆ ಬರುವ ಬೈಗುಳಗಳೆಲ್ಲ ಇದಕ್ಕೆ ಸಣ್ಣವು.

ಕೂಸು ಗಂಡನ ಮನೆಯಲ್ಲೇ ಬೆಳೆಯಿತು. ಹತ್ತು ತಿಂಗಳಾದರೂ ಅಜ್ಜನ ಕೈಗೆ ಅದನ್ನು ಕೊಟ್ಟಿರಲಿಲ್ಲ. ದಿನಾ ನೋಡುವ ಆ ಫೋಟೋದಲ್ಲಿ ನನಗೆ ಸುಣ್ಣ ಹೊಡೆಸಿಟ್ಟ ಬಾಣಂತನದ ಕೋಣೆಯೇ ಕಾಣತೊಡಗಿತ್ತು.

ಹೋದ ರವಿವಾರ ಜುಗೂಳಕ್ಕೆ ಹೋಗಿ ತೃಪ್ತಿಯ ಎದುರಿಗೇ ಅವಳ ಅತ್ತೆಗೆ ನಿಜ ಹೇಳಿದೆ. “ಬಾಣಂತನ ಮುಗದ ಮ್ಯಾಲ ಹೇಳಾಕ ಬಂದೀರೇನ್ರಿ?” ಎಂದರು ಆಕೆ. ತೃಪ್ತಿ ಕೂಸನ್ನೆತ್ತಿಕೊಂಡು ಒಳಗೆ ಹೋದಳು, ಸೀರೆ ಬದಲಿಸಿ, ಚೀಲ ಹಿಡಿದು ಹೊರಬಂದಳು. ನನ್ನ ಗಾಡಿ ಹತ್ತಲಿಲ್ಲ. ಬಸ್ಸಿನಲ್ಲಿ ತವರಿಗೆ ಹೋದಳು.

ಸಂಜೆ ಅಜಿತನ ಮನೆಯ ಬಾಗಿಲಲ್ಲಿ ನಿಂತು ಅವನಿಗೂ ಹೇಳಿದೆ. ಕೂಸು ಅವನ ಹೆಗಲ ಮೇಲಿತ್ತು. ಪೂರ್ತಿ ಕೇಳಿಸಿಕೊಂಡ. “ಕೂಸು ಮಲಗೇತಿ. ಹೋಗು,” ಎಂದ. ಕದ ಹಾಕಿಕೊಂಡ.

ಅವನು ಕ್ಷಮಿಸಲೆಂದು ಇದನ್ನು ಬರೆದಿಲ್ಲ. ಕ್ಷಮಿಸಿದರೆ ಅವನನ್ನು ಮತ್ತೆ ಹೀಗಳೆದೇನು, ನನ್ನ ಬುದ್ಧಿ ನನಗೆ ಗೊತ್ತು.

ಈಗ ನನ್ನ ಬಳಿ ಒಂದು ವರ್ಕ್‌ಶಾಪ್ ಇದೆ. ಮೂರು ವೆಲ್ಡಿಂಗ್ ಮಷೀನು, ಒಂದು ಲೇಥು, ಒಂದು ಪಿಕಪ್, ಐದು ಜನ ಕೆಲಸದವರು, ಭೋಜದಲ್ಲಿ ಒಂದೂವರೆ ಎಕರೆ ಕಬ್ಬು. ಮಧ್ಯಾಹ್ನ ಬಂದು ಕೂಡುವವರು ಯಾರೂ ಇಲ್ಲ.