ನೂರ ನಲವತ್ತು ದಾಟದ ಕಾರು

ನಂಜನಗೂಡಿನಲ್ಲಿ ನನ್ನದೊಂದು ಗ್ಯಾರೇಜಿತ್ತು. ಅದನ್ನು ಮುಳುಗಿಸಿದ್ದು ಹೆಬ್ಬೆರಳುದ್ದದ ಒಂದು ಬೋಲ್ಟು. ಇಟ್ಟವನು ನಾನೇ, ಇಡಿಸಿದವಳು ನನ್ನ ಒಡಹುಟ್ಟಿದ ಅಕ್ಕ.

ಅಕ್ಕನ ಗಂಡ, ಅಂದರೆ ನನ್ನ ಭಾವ, ತಿ. ನರಸೀಪುರದಲ್ಲಿ ಅಕ್ಕಿ ಗಿರಣಿ ಇಟ್ಟಿದ್ದವರು. ಎರಡು ಸಾವಿರದ ಇಸವಿಯ ಆಚೀಚೆ ಮೈಸೂರಿನ ಡಾಕ್ಟರೊಬ್ಬರು ಓಡಿಸಿ ಬಿಟ್ಟ ಹಳೆಯ ಸ್ಪೋರ್ಟ್ಸ್ ಸೆಡಾನ್ ಕಾರನ್ನು ಕೊಂಡು ತಂದರು. ಹೊರಗಿನಿಂದ ನೋಡಿದರೆ ಸಂಸಾರಸ್ಥರ ಕಾರು, ಒಳಗೆ ಮಾತ್ರ ಎಗರಾಡುವ ಎಂಜಿನ್ನು. ತಾಂಡವಪುರದ ನೇರ ರಸ್ತೆಯಲ್ಲಿ ಮುಳ್ಳು ನೂರ ಎಂಬತ್ತು ಮುಟ್ಟಿತೆಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು. ಕೋತಿಗೆ ಹೆಂಡ ಕುಡಿಸಿದ ಹಾಗಾಗಿತ್ತು.

ವರ್ಷ ಕಳೆಯುವಷ್ಟರಲ್ಲಿ ಎಂಜಿನ್ನು ಹೊಗೆ ಕಾರತೊಡಗಿ ಕಾರು ನನ್ನ ಗ್ಯಾರೇಜಿಗೆ ಬಂತು. ಇಪ್ಪತ್ತು ದಿನ ಕೂತು ಎಲ್ಲ ಬಿಚ್ಚಿ, ಹೊಸ ಪಿಸ್ಟನ್ ಹಾಕಿ ಕಟ್ಟಿದೆ. ಅಷ್ಟು ಶ್ರದ್ಧೆಯಿಂದ ನಾನು ಬೇರಾವ ಎಂಜಿನ್ನನ್ನೂ ಕಟ್ಟಿಲ್ಲ. ಕಾರು ಒಪ್ಪಿಸುವ ಹಿಂದಿನ ದಿನ ಅಕ್ಕ ಐದು ವರ್ಷದ ಮಗಳ ಕೈ ಹಿಡಿದುಕೊಂಡು ಬಸ್ಸಿನಲ್ಲಿ ಬಂದಳು.

"ಅದು ಜೋರಾಗಿ ಓಡ್ದಂಗೆ ಏನಾರ ಮಾಡ್ಬುಡು ಕಣೋ," ಅಂದಳು. "ಬನ್ನೂರು ರೋಡ್ನಾಗೆ ಕಬ್ಬಿನ ಗಾಡಿಗೂ ಕಾರ್‌ಗೂ ಒಂದ್ ಗೇಣು ಉಳೀತು. ಕೂಸು ಇಂದ್ಗಡೆ ಸೀಟ್ನಾಗೆ ಮಲ್ಗಿತ್ತು. ನಾ ಏಳಿದ್ರೆ ಅವ್ರು ಕೇಳಕಿಲ್ಲ."

ಎಂಜಿನ್ನು ಬಿಚ್ಚಿ ಕಟ್ಟಿದ ಮೇಲೆ ಮೊದಲ ಸಾವಿರ ಕಿಲೋಮೀಟರು ಹಗುರವಾಗಿ ಓಡಿಸಬೇಕು. ಮಾತು ಕೇಳದ ಗಿರಾಕಿಗಳಿದ್ದರೆ ನಾವು ಆಕ್ಸಿಲರೇಟರ್ ಪೆಡಲ್ಲಿನ ಹಿಂದೆ, ಮ್ಯಾಟಿನ ಮರೆಯಲ್ಲಿ, ಒಂದು ಬೋಲ್ಟ್ ಕೂರಿಸಿ ಕಳಿಸುತ್ತಿದ್ದೆವು. ಎಷ್ಟು ತುಳಿದರೂ ಪೆಡಲ್ಲು ಅರ್ಧಕ್ಕೇ ನಿಲ್ಲುತ್ತದೆ. ಮೊದಲ ಸರ್ವೀಸಿಗೆ ಬಂದಾಗ ಸದ್ದಿಲ್ಲದೆ ತೆಗೆಯುವುದು. ಭಾವನ ಕಾರಿಗೂ ಕೂರಿಸಿದೆ, ತೆಗೆಯುವುದಿಲ್ಲವೆಂದು ಅಕ್ಕನಿಗೆ ಮಾತು ಕೊಟ್ಟೆ. ಅದು ಸಾಲದೆಂದು ಅವಳು ಗ್ರೀಸು ಮೆತ್ತಿದ ನನ್ನ ಕೈಯನ್ನು ಎಳೆದು ಮಗುವಿನ ತಲೆಯ ಮೇಲಿಟ್ಟಳು. "ಅವ್ರ ಕಿವಿಗೆ ಬೀಳಬಾರ್ದು. ಬಿದ್ರೆ ನಂಗೆ ಆ ಮನೇಲಿ ಬಾಳುವೆ ಇಲ್ಲ," ಅಂದಳು. ಆಣೆ ಮಾಡಿದೆ.

ಕಾರು ನೂರ ನಲವತ್ತು ದಾಟಲಿಲ್ಲ. ಎಂಜಿನ್ನು ಇನ್ನೂ ಬಿಗಿಯಾಗಿದೆ, ಸಡಿಲವಾಗಲಿ ಎಂದು ಮೂರು ತಿಂಗಳು ಸುಳ್ಳು ಹೇಳಿ ದಿನ ದೂಡಿದೆ. ಅಷ್ಟರಲ್ಲಿ ಭಾವನಿಗೆ ಯಾರೋ ಡೈನೋ ಎಂಬುದರ ಬಗ್ಗೆ ಹೇಳಿಕೊಟ್ಟಿದ್ದರು. ಕಾರು ನಿಂತಲ್ಲೇ ನಿಂತಿರುತ್ತದೆ, ಚಕ್ರಗಳು ರೋಲರಿನ ಮೇಲೆ ತಿರುಗುತ್ತವೆ, ಚಕ್ರಕ್ಕೆ ಎಷ್ಟು ಶಕ್ತಿ ಬರುತ್ತಿದೆಯೆಂದು ಕಂಪ್ಯೂಟರು ಗೆರೆ ಎಳೆದು ತೋರಿಸುತ್ತದೆ. ಕೊಯಮತ್ತೂರಿನ ಒಂದು ವರ್ಕ್‌ಶಾಪಿನಲ್ಲಿ ಅದಿತ್ತು.

"ನಡೀಲಾ, ನಿನ್ ಕೆಲ್ಸ ಏನೂಂತ ಮಿಷಿನ್ನೇ ಏಳ್ಲಿ," ಎಂದು ನನ್ನನ್ನೂ ಕೂರಿಸಿಕೊಂಡು ಹೊರಟರು.

ದಿಂಬಂ ಘಾಟಿಯಲ್ಲಿ ಭಾವ ಟೀ ಕುಡಿಯಲು ಇಳಿದರು. ಸ್ಪ್ಯಾನರು ನನ್ನ ಜೇಬಿನಲ್ಲೇ ಇತ್ತು. ಎರಡು ನಿಮಿಷದ ಕೆಲಸ, ನನ್ನ ಹೆಸರು ಉಳಿಯುತ್ತಿತ್ತು. ತಿರುಗಿ ನೋಡಿದರೆ ಹಿಂದಿನ ಸೀಟಿನ ಕೆಳಗೆ ಮಗುವಿನ ಒಂಟಿ ಚಪ್ಪಲಿ ಬಿದ್ದಿತ್ತು. ಸ್ಪ್ಯಾನರು ಜೇಬಿನಿಂದ ಹೊರಗೆ ಬರಲಿಲ್ಲ.

ವರ್ಕ್‌ಶಾಪಿನವರು ತಾವೇ ಓಡಿಸುತ್ತೇವೆಂದರೂ ಭಾವ ಸೀಟು ಬಿಟ್ಟುಕೊಡಲಿಲ್ಲ. "ನನ್ ಗಾಡಿ, ನಾನೇ ತುಳೀತೀನಿ," ಅಂದರು. ಕಂಪ್ಯೂಟರಿನ ಗೆರೆ ಏರುತ್ತಾ ಬಂದು ಅರ್ಧದಲ್ಲೇ ಮಲಗಿತು. ಪೆಡಲ್ಲು ಪೂರ್ತಿ ಹೋಗುತ್ತಿದೆಯೇ ಎಂದು ಅಲ್ಲಿಯ ಮೆಕ್ಯಾನಿಕ್ಕು ಕೇಳಿದ. "ನೆಲಕ್ಕಂಟ ತುಳ್ದಿವ್ನಿ ಕಣಯ್ಯ," ಅಂದರು ಭಾವ. ಕೊಟ್ಟ ಕಾಗದದಲ್ಲಿದ್ದ ಕುದುರೆಶಕ್ತಿ ಕಂಪನಿಯ ಪುಸ್ತಕದಲ್ಲಿದ್ದುದರ ಅರ್ಧಕ್ಕಿಂತ ಚೂರು ಹೆಚ್ಚು, ಅಷ್ಟೇ.

"ಒಳ್ಳೆ ಸಾಮಾನು ಎತ್ಕಂಡು ಡೂಪ್ಲಿಕೇಟ್ ತುಂಬಿದ್ದೀಯ ಕಣ್ಲಾ," ಅಂದರು. "ಅಕ್ಕನ ಮನೇಗೇ ಕನ್ನ ಹಾಕ್ದಲ್ಲ."

ಆ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಿ ಗಿರಣಿಯ ಆಫೀಸಿನಲ್ಲಿ ದೇವರ ಪಟದ ಪಕ್ಕ ತೂಗುಹಾಕಿದರು. ಬತ್ತ ತಂದವರಿಗೆಲ್ಲ ಅದನ್ನು ತೋರಿಸಿ ನನ್ನ ಕಥೆ ಹೇಳುವುದು ಅವರ ನಿತ್ಯಪೂಜೆಯಾಯಿತು. ನರಸೀಪುರದ ಕಡೆಯ ಗಾಡಿಗಳು ಮೊದಲು ನಿಂತವು, ಆಮೇಲೆ ನಮ್ಮೂರಿನವೂ. ಅಕ್ಕ ಒಂದು ಮಾತು ಆಡಿಯಾಳು ಎಂದು ಕಾದೆ. ಎರಡನೇ ವರ್ಷ ಗ್ಯಾರೇಜಿಗೆ ಬೀಗ ಹಾಕಿ ಮೈಸೂರಿನಲ್ಲಿ ಇನ್ನೊಬ್ಬರ ಕೈಕೆಳಗೆ ಸಂಬಳಕ್ಕೆ ಸೇರಿದೆ.

ಕಾರಿನ ಮೇಲೆ ಬೇಸರ ಬಂದು ಭಾವ ಅದನ್ನು ಮಾರಿದರು. ಕೊಂಡವನು ಅದನ್ನು ತಂದು ನಿಲ್ಲಿಸಿದ್ದು ನಾನು ಸಂಬಳಕ್ಕಿದ್ದ ವರ್ಕ್‌ಶಾಪಿಗೇ. ಬೋಲ್ಟು ಇಟ್ಟಲ್ಲೇ ಇತ್ತು. ತೆಗೆದು ಜೇಬಿಗೆ ಹಾಕಿಕೊಂಡು ತಾಂಡವಪುರದವರೆಗೆ ಓಡಿಸಿದೆ. ಮುಳ್ಳು ಆರಾಮಾಗಿ ನೂರ ಎಪ್ಪತ್ತೈದಕ್ಕೆ ಹೋಯಿತು. ನಾನು ಕಟ್ಟಿದ ಎಂಜಿನ್ನು. ರಸ್ತೆ ಬದಿಗೆ ನಿಲ್ಲಿಸಿ ಅತ್ತುಬಿಟ್ಟೆ.

ಅದೇ ವಾರ ಭಾವನ ಹೊಸ ಮನೆಯ ಗೃಹಪ್ರವೇಶ. ಬೋಲ್ಟನ್ನು ಜೇಬಿನಲ್ಲಿಟ್ಟುಕೊಂಡೇ ಹೋದೆ. ಪಂಕ್ತಿಯಲ್ಲಿ ಕೂತಾಗ ಭಾವ ನೆಂಟರ ಮುಂದೆ ಮತ್ತೆ ಅದೇ ಕಥೆ ತೆಗೆದರು. ಅಕ್ಕ ಪಾಯಸ ಬಡಿಸುತ್ತಾ ನನ್ನ ಎಲೆಯ ಹತ್ತಿರ ಬಂದಿದ್ದಳು. ತಲೆಯೆತ್ತಿ ಅವಳನ್ನೇ ನೋಡಿದೆ. ಅವಳು ಗಂಡನ ಕಡೆಗೆ ತಿರುಗಿದಳು.

"ಓಗ್ಲಿ ಬುಡಿ ಅತ್ಲಾಗೆ. ಏನೋ ಬುದ್ಧಿ ಇಲ್ದೆ ಮಾಡವ್ನೆ. ನಾನೇ ಕ್ಷಮಿಸಿವ್ನಿ, ನೀವೂ ಕ್ಷಮಿಸ್ಬುಡಿ," ಅಂದಳು. ನನ್ನ ಎಲೆಗೆ ಎರಡು ಸೌಟು ಹಾಕಿದಳು. ಪಕ್ಕದಲ್ಲಿ ಆ ಮಗು ಕೂತು ಹಪ್ಪಳ ಮುರಿಯುತ್ತಿತ್ತು. ಪಾಯಸ ಉಂಡು ಎದ್ದೆ.

ಈಗ ಭಾವ ಇಲ್ಲ. ಸಕ್ಕರೆ ಕಾಯಿಲೆಯಿಂದ ಹಾಸಿಗೆಯ ಮೇಲೆಯೇ ಹೋದರು, ರಸ್ತೆಯ ಮೇಲಲ್ಲ. ಅವರ ಕಿವಿಗೆ ಬೀಳುವ ಭಯವಿಲ್ಲದ್ದರಿಂದ ಬರೆಯುತ್ತಿದ್ದೇನೆ. ಇನ್ನಾದರೂ ಅಕ್ಕ ನಿಜ ಹೇಳಬಹುದಿತ್ತು. ಹೇಳಿಲ್ಲ. ತಮ್ಮ ಎಂಥ ದ್ರೋಹ ಮಾಡಿದರೂ ತಾನು ಕ್ಷಮಿಸಿದೆನೆಂದು ಈಗಲೂ ಬಂದವರಿಗೆ ಹೇಳುತ್ತಾಳೆ. ಹೇಳಿ ಹೇಳಿ, ಅವಳಿಗೆ ಅದೇ ನಿಜವಾಗಿಬಿಟ್ಟಿದೆ.