ಎರಡು ಮುಚ್ಚಳ ಮೆಷಿನ್ ಎಣ್ಣೆ

ನಮ್ಮ ಮನೆಯಲ್ಲಿ ಎಣ್ಣೆ ಬಿಡುವ ಕೆಲಸ ಮೊದಲಿನಿಂದಲೂ ನನ್ನದೇ. ಬಾಗಿಲು ಕಿರುಗುಟ್ಟಿದರೆ, ಗೇಟಿನ ಚಿಲಕ ಬಿಗಿಯಾದರೆ, ಹೊಲಿಗೆ ಮೆಷಿನ್ ಗರಗರ ಅಂದರೆ, ಕಿಟಕಿಯ ಮೇಲಿನ ಪುಟ್ಟ ಬಾಟಲಿ ಕೈಗೆ ಬರುತ್ತದೆ. ಹೊಲಿಗೆ ಮೆಷಿನ್ನಿಗೆಂದೇ ತಂದ ಎಣ್ಣೆ ಅದು, ನೀರಿನಷ್ಟು ತಿಳಿ. ನಾಲ್ಕು ವರ್ಷದ ಹಿಂದೆ ಆ ಬಾಟಲಿಯಿಂದ ಮಾಡಿದ ಒಂದು ಕೆಲಸವನ್ನು ಈ ಬೇಸಿಗೆಯವರೆಗೂ ನಾನು ಯಾರಿಗೂ ಹೇಳಿರಲಿಲ್ಲ.

ಯಜಮಾನರ ಬೈಕು ನಮ್ಮ ಮದುವೆಯಾದ ವರ್ಷದ್ದು. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇದ್ದ ಗಾಡಿ ಆಗ ನಮ್ಮ ಬೀದಿಯಲ್ಲಿ ಅದೊಂದೇ. ಅದನ್ನು ಅವರು ಅಗ್ರಹಾರದ ಒಬ್ಬ ಮೆಕ್ಯಾನಿಕ್ಕರ ಹತ್ತಿರ ಬಿಟ್ಟರೆ ಬೇರೆಲ್ಲೂ ಬಿಡುತ್ತಿರಲಿಲ್ಲ. ಎರಡು ಗಾಡಿ ನಿಂತರೆ ತುಂಬಿಹೋಗುವ ಅಂಗಡಿ. ಅವರದೊಂದು ಪದ್ಧತಿ ಇತ್ತು. ಏನೇ ರಿಪೇರಿ ಮಾಡಿದರೂ ಮೊದಲ ರೌಂಡು ತಾನೇ ಹೊಡೆಯಬೇಕು. ದೇವಸ್ಥಾನದ ತಿರುವಿನವರೆಗೆ ಹೋಗಿ, ಎರಡು ಸಲ ಜೋರಾಗಿ ಬ್ರೇಕು ಹಿಡಿದು, ವಾಪಸು ಬಂದ ಮೇಲೆಯೇ ಕೀಲಿಕೈ ಕೊಡುತ್ತಿದ್ದದ್ದು. ಬಿದ್ದರೆ ಮೊದಲು ನಾನು ಬೀಳಬೇಕು ಸಾರ್ ಅನ್ನುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಆ ಮೆಕ್ಯಾನಿಕ್ಕರು ಮುಂದಿನ ಬ್ರೇಕಿನ ಮಾಸ್ಟರ್ ಸಿಲಿಂಡರ್ ಬಿಚ್ಚಿ ಹೊಸ ರಬ್ಬರು ಹಾಕಿಕೊಟ್ಟಿದ್ದರು. ಬಲಗೈ ಹಿಡಿಯ ಪಕ್ಕದಲ್ಲಿರುವ ಸಣ್ಣ ಡಬ್ಬಿ ಅದು. ಬ್ರೇಕಿನ ಹಿಡಿ ಒತ್ತಿದರೆ ಒಳಗಿನ ಪಿಸ್ಟನ್ ಎಣ್ಣೆಯನ್ನು ಪೈಪಿನೊಳಗೆ ತಳ್ಳುತ್ತದೆ, ಚಕ್ರ ನಿಲ್ಲುತ್ತದೆ. ಅದಾಗಿ ಒಂದು ವಾರಕ್ಕೆ, ಹೆಬ್ಬಾಳದ ಕಾರ್ಖಾನೆಯ ಬೆಳಗಿನ ಶಿಫ್ಟಿಗೆ ಬಸ್ಸು ಹಿಡಿಯುವ ಅವಸರದಲ್ಲಿ ಯಜಮಾನರು, ಬ್ರೇಕ್ ಎಣ್ಣೆ ಒಂಚೂರು ಕಮ್ಮಿ ಆದಂಗಿದೆ, ಸಂಜೆ ನೋಡಬೇಕು ಅಂದು ಹೋದರು.

ಎಣ್ಣೆ ಅಂದರಲ್ಲ. ಬಟ್ಟೆ ಒಣಗಹಾಕಿ ಬಂದವಳು ಡಬ್ಬಿಯ ಎರಡು ಸ್ಕ್ರೂ ತೆಗೆದು, ಮೆಷಿನ್ ಎಣ್ಣೆಯನ್ನು ಬಾಟಲಿಯ ಮುಚ್ಚಳದಲ್ಲೇ ಅಳೆದು ಎರಡು ಸಲ ಹಾಕಿ ಮುಚ್ಚಿದೆ. ಸಂಜೆ ಅವರು ಡಬ್ಬಿಯ ಗಾಜಿನ ಕಿಂಡಿಯಲ್ಲಿ ಇಣುಕಿ, ಸರಿಯಾಗೇ ಇದೆಯಲ್ಲ ಅಂದುಕೊಂಡರು. ನಾನು ಒಳಗೆ ಒಗ್ಗರಣೆ ಹಾಕುತ್ತಿದ್ದೆ. ಹೇಳಿಕೊಳ್ಳುವಂಥ ಕೆಲಸ ಅಂತ ಅನ್ನಿಸಲಿಲ್ಲ.

ಹತ್ತು ದಿನ ಕಳೆದು, ಕುವೆಂಪುನಗರದ ನಮ್ಮ ಮನೆಯ ತಿರುವಿನಲ್ಲೇ ಬ್ರೇಕು ಹಿಡಿದದ್ದು ಬಿಡಲೇ ಇಲ್ಲ. ಯಜಮಾನರು ಬಿದ್ದರು. ಮಂಡಿ ತರಚಿತು, ಮಣಿಕಟ್ಟು ಊದಿತು. ಮಾರನೇ ದಿನ ಇಬ್ಬರೂ ಆಟೋದಲ್ಲಿ ಅಗ್ರಹಾರಕ್ಕೆ ಹೋದೆವು. ಅಂಗಡಿ ಮುಂದೆ ನಾಲ್ಕು ಜನ ಗಿರಾಕಿಗಳಿದ್ದರು. ಅವರೆಲ್ಲರ ಎದುರಿಗೇ ಇವರು, ಡೂಪ್ಲಿಕೇಟ್ ರಬ್ಬರು ಹಾಕಿದ್ದೀರಿ ಎಂದು ಶುರುಮಾಡಿದವರು ಇಪ್ಪತ್ತು ವರ್ಷದ ನಂಬಿಕೆಯವರೆಗೂ ಹೋದರು.

ಮೆಕ್ಯಾನಿಕ್ಕರು ದನಿ ಏರಿಸಲಿಲ್ಲ. "ಗಾಡಿ ತಂದ್ಬುಡಿ ಸಾರ್, ಬಿಚ್ಚಿ ನೋಡ್ಬುಡ್ತೀನಿ. ಬೇರೆ ಎಣ್ಣೆ ಬಿದ್ರೆ ರಬ್ಬರು ಉಬ್ಬಿ ಹಿಂಗೇ ಹಿಡ್ಕೊಂಬುಡ್ತದೆ. ಏನಾದ್ರೂ ಹಾಕಿದ್ರಾ?"

"ನಮ್ಮನೇಲಿ ಅದನ್ನ ಯಾರು ಮುಟ್ತಾರೆ ಕಣ್ರೀ?" ಅಂದರು ಇವರು.

ನಾನು ಮುಟ್ಟಿದ್ದೆ. ಅಷ್ಟು ಜನರ ಮುಂದೆ ಗಂಡನ ಮಾತನ್ನು ಸುಳ್ಳು ಮಾಡುವುದು ಹೇಗೆ, ಮನೆಗೆ ಹೋಗಿ ಹೇಳಿದರಾಯಿತು ಅಂದುಕೊಂಡೆ. ಮನೆಗೆ ಬಂದಾಗ ಅವರ ಸಿಟ್ಟು ಇಳಿದಿರಲಿಲ್ಲ. ಇಳಿದ ಮೇಲೆ ಮತ್ತೆ ಕೆದಕುವುದೇಕೆ ಅನ್ನಿಸಿತು. ಹೀಗೇ ನಾಲ್ಕು ವರ್ಷ. ಅವರು ಬೈಕನ್ನು ಅಗ್ರಹಾರಕ್ಕೂ ಒಯ್ಯಲಿಲ್ಲ, ಬೇರೆಯವರಿಗೂ ಕೊಡಲಿಲ್ಲ; ಅದು ಹೊದಿಕೆಯ ಕೆಳಗೆ ನಿಂತಿತ್ತು. ವಾರಕ್ಕೊಮ್ಮೆ ಅದರ ಧೂಳು ಒರೆಸುತ್ತಿದ್ದವಳೂ ನಾನೇ.

ಈ ಬೇಸಿಗೆಯಲ್ಲಿ ಯಜಮಾನರು ತಾವೇ ರಿಪೇರಿ ಮಾಡುವುದೆಂದು ರಬ್ಬರಿನ ಕಿಟ್ಟು ತರಿಸಿದರು. ವರಾಂಡದಲ್ಲಿ ಹಳೇ ಬೆಡ್‌ಶೀಟು ಹಾಸಿ, ಟ್ಯಾಂಕಿನ ಬಣ್ಣ ಕೆಡದಿರಲೆಂದು ಒದ್ದೆ ಬಟ್ಟೆ ಹೊದಿಸಿ ಕೂತರು. ಹಿಡಿ ಬಿಚ್ಚಿದರು, ಒಳಗಿನ ರಿಂಗನ್ನು ಇಕ್ಕಳದಿಂದ ತೆಗೆದರು. ಪಿಸ್ಟನ್ ಬರಲೊಲ್ಲದು. ಎಳೆದೆಳೆದು ಹೊರಗೆ ತೆಗೆದಾಗ ಅದರ ರಬ್ಬರು ರಾತ್ರಿಯೆಲ್ಲ ನೆನೆದ ಅವರೆಕಾಳಿನ ಹಾಗೆ ಉಬ್ಬಿತ್ತು.

ಡಬ್ಬಿಯಲ್ಲಿ ಉಳಿದಿದ್ದನ್ನು ಅವರು ಒಂದು ಲೋಟ ನೀರಿಗೆ ಬಗ್ಗಿಸಿದರು. ಬ್ರೇಕ್ ಎಣ್ಣೆಯೇ ಆಗಿದ್ದರೆ ನೀರಿನಲ್ಲಿ ಬೆರೆತುಹೋಗಬೇಕಂತೆ. ಇದರಲ್ಲಿ ಅರ್ಧ ಸಾರಿನ ಮೇಲಿನ ಜಿಡ್ಡಿನ ಹಾಗೆ ತೇಲಿತು. ಅದನ್ನೇ ನೋಡುತ್ತ ಕೂತರು.

"ರೀ, ಅದು ನನ್ನ ಮೆಷಿನ್ ಎಣ್ಣೆ. ಎರಡು ಮುಚ್ಚಳ ಹಾಕಿದ್ದೆ," ಅಂದೆ.

ಬೈಯುತ್ತಾರೆ ಅಂದುಕೊಂಡಿದ್ದೆ. ಇಕ್ಕಳ ಕೆಳಗಿಟ್ಟರು. "ಅವತ್ತು ಆಟೋದಲ್ಲಾದ್ರೂ ಹೇಳಬಾರದಿತ್ತೇನೇ? ಆ ಮನುಷ್ಯಂಗೆ ಏನೇನೆಲ್ಲ ಅಂದ್ಬುಟ್ಟೆ ನಾನು."

ಆಮೇಲೆ ಮೂರು ಭಾನುವಾರ ಕೂತೆವು. ಪೈಪು, ಕೆಳಗೆ ಚಕ್ರದ ಬಳಿಯ ರಬ್ಬರುಗಳು ಎಲ್ಲವೂ ಹೊಸದಾಗಬೇಕಿತ್ತು. ಕೊನೆಗೆ ಪೈಪಿನೊಳಗೆ ಸೇರಿದ ಗಾಳಿ ತೆಗೆಯುವಾಗ ಅವರು ಒತ್ತು, ಹಿಡಿ, ಬಿಡು ಅನ್ನುವುದು, ನಾನು ಹಾಗೇ ಮಾಡುವುದು. ಮೆತ್ತಗಿದ್ದ ಹಿಡಿ ಸ್ವಲ್ಪಸ್ವಲ್ಪವಾಗಿ ಗಟ್ಟಿಯಾದದ್ದು ನನ್ನ ಕೈಗೇ ಗೊತ್ತಾಯಿತು. ಇಬ್ಬರೂ ಗಾಡಿ ಹತ್ತಲಿಲ್ಲ. ಮೊದಲ ರೌಂಡು ಯಾರದೆಂದು ನಮಗೆ ಗೊತ್ತಿತ್ತು. ಲಗೇಜ್ ಆಟೋಗೆ ಬೈಕು ಏರಿಸಿ ಅಗ್ರಹಾರಕ್ಕೆ ಹೋದೆವು.

ಅಂಗಡಿ ಅಲ್ಲೇ ಇತ್ತು. ಮೆಕ್ಯಾನಿಕ್ಕರ ಕೂದಲು ಪೂರಾ ಬೆಳ್ಳಗಾಗಿತ್ತು. ಬನ್ನಿ ಸಾರ್, ಬನ್ನಿ ಅಮ್ಮ ಅಂದರು, ಬಾಗಿಲಿಗೆ ಬಂದ ಯಾರಿಗಾದರೂ ಅನ್ನುವಂತೆ. ಯಜಮಾನರು ಬಾಯಿ ತೆರೆಯುವ ಮೊದಲೇ ನಾನು ಎಲ್ಲವನ್ನೂ ಹೇಳಿದೆ. ಮೆಕ್ಯಾನಿಕ್ಕರು ಎಷ್ಟು ಹಾಕಿದ್ರಿ ಅಂತ ಮಾತ್ರ ಕೇಳಿದರು. ಹೇಳಿದೆ. ಕೈಯಲ್ಲಿದ್ದ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಂಡರು.

"ನಾನೇ ಎಲ್ಲೋ ತಪ್ಪು ಮಾಡಿದೀನಿ ಅಂದ್ಕೊಂಡ್ಬುಟ್ಟಿದ್ದೆ ಕಣಮ್ಮ. ಅವತ್ತಿಂದ ಡಿಸ್ಕ್ ಬ್ರೇಕ್ ಕೆಲಸಾನೇ ಮುಟ್ಟಿಲ್ಲ."

ಯಜಮಾನರು ಕೀಲಿಕೈ ಚಾಚಿ, ಮೊದಲ ರೌಂಡು ನಿಮ್ಮದೇ ಅಂದರು. ಮೆಕ್ಯಾನಿಕ್ಕರು ಬಗ್ಗಿ ಬ್ರೇಕಿನ ಹಿಡಿಯನ್ನು ಒಮ್ಮೆ ಒತ್ತಿ ನೋಡಿದರು. ಚೆನ್ನಾಗಿ ಕೂತಿದೆ ಅಂದರು. ಕೀಲಿಕೈ ತೆಗೆದುಕೊಳ್ಳಲಿಲ್ಲ.

"ಇದು ನಿಮ್ಮ ಕೈಕೆಲಸ ಸಾರ್. ರೌಂಡು ನೀವೇ ಹೊಡೀಬೇಕು."

ದೇವಸ್ಥಾನದ ತಿರುವಿನವರೆಗೆ ಯಜಮಾನರೇ ಹೋದರು. ಎರಡು ಸಲ ಬ್ರೇಕು ಹಿಡಿದು, ಬಿಟ್ಟದ್ದು ಅಂಗಡಿಯ ಮೆಟ್ಟಿಲಿನಿಂದ ಕಾಣಿಸಿತು. ನನ್ನ ಪಕ್ಕದಲ್ಲಿ ನಿಂತಿದ್ದ ಮೆಕ್ಯಾನಿಕ್ಕರೂ ನೋಡುತ್ತಿದ್ದರು. ಅವರ ಬಲಗೈಯ ಬೆರಳುಗಳು ಬಟ್ಟೆಯನ್ನು ಎರಡು ಸಲ ಬಿಗಿಯಾಗಿ ಹಿಡಿದು ಬಿಟ್ಟವು.